ವಿಲಾಯತಿಯಲ್ಲಿ ವಿದ್ಯಾರ್ಥಿ ಗಾಂಧಿಯವರ ಸಂಚಾರ

ಮಹಾತ್ಮಾ ಗಾಂಧಿಯವರ ಲಂಡನ್ ವಾಸದ ಮಾತು ಬಂದಾಗ ತಾಯಿಗೆ ಕೊಟ್ಟ ವಚನ, ಸಸ್ಯಾಹಾರ, ಬ್ಯಾರಿಸ್ಟರ್ ಪರೀಕ್ಷೆ ಇವಿಷ್ಟನ್ನು ಹೇಳಿ ಮುಗಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಓದಿನ ನಡುವಣ ಬಿಡುವಿನಲ್ಲಿ ಅವರು ಎಲ್ಲಿಗೆ ಹೋದರು, ಯಾರ ಹಣದಿಂದ ಹೋದರು, ಹೋದಲ್ಲಿ ಏನನ್ನು ಕಂಡರು ಎಂದು ವಿಚಾರಿಸುವವರು ವಿರಳ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ ಇಲ್ಲಿ ಸಾಲದ ಕಂತನ್ನೆಣಿಸುತ್ತಿರುವ ತಂದೆತಾಯಿಗಳಿಗೆ ಈ ಭಾಗವೇ ಹೆಚ್ಚು ಹತ್ತಿರವಾದುದೆಂದು ನಮಗೆ ತೋರುತ್ತದೆ.

1888ನೆಯ ಇಸವಿ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗನ್ನೇರಿದಾಗ ಅವರಿಗೆ 19 ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಪತ್ನಿಯೂ ಕೆಲವೇ ತಿಂಗಳ ಕೂಸೂ ಇದ್ದರು. ಸಮುದ್ರಯಾನವನ್ನೊಪ್ಪದ ಜಾತಿಯ ಮುಖಂಡರು ಬಹಿಷ್ಕಾರ ಹಾಕಿ, ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದ್ದರು. ತಂದೆ ಗತಿಸಿದ ಮೇಲೆ ವೆಚ್ಚದ ಭಾರವನ್ನು ಹೊತ್ತವರು ಅಣ್ಣ ಲಕ್ಷ್ಮೀದಾಸರು. ಬಾಂಡ್ ಬೀದಿಯ ಹತ್ತು ಪೌಂಡಿನ ಉಡುಪು, ನರ್ತನದ ಪಾಠ, ಪಿಟೀಲು ಎಂದು ಮೊದಮೊದಲು ಆ ಹಣ ಹರಿದುಹೋದುದುಂಟು. ಆ ಮೋಹವಿಳಿದ ಮೇಲೆ ಅಂಚೆಚೀಟಿ, ಬಂಡಿಬಾಡಿಗೆ, ಪತ್ರಿಕೆಗಳವರೆಗೆ ಒಂದೊಂದು ಕಾಸಿಗೂ ಪ್ರತಿದಿನ ಲೆಕ್ಕವಿಡತೊಡಗಿದರು. ಬಂಡಿಬಾಡಿಗೆ ಉಳಿಸಲು ನಡೆದರು. ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವುದು ಅಭ್ಯಾಸವಾಯಿತು. ಲಂಡನ್ ನಗರವನ್ನು ಅವರು ಕಂಡದ್ದು ಬಹುಮಟ್ಟಿಗೆ ಹೀಗೆಯೇ.

1889ರಲ್ಲಿ ಪ್ಯಾರಿಸಿನಲ್ಲಿ ಮಹಾಪ್ರದರ್ಶನ ನಡೆಯಿತು. ಫ್ರೆಂಚ್ ಮಹಾಕ್ರಾಂತಿಯ ಶತಮಾನೋತ್ಸವಕ್ಕಾಗಿ ಏರ್ಪಟ್ಟ ಆ ಪ್ರದರ್ಶನಕ್ಕೆಂದೇ ಸುಮಾರು 300 ಮೀಟರಿನ ಐಫೆಲ್ ಗೋಪುರವನ್ನು ಎತ್ತಿದ್ದರು. ಸಸ್ಯಾಹಾರದ ಭೋಜನಶಾಲೆಯೊಂದು ಅಲ್ಲಿದೆಯೆಂದು ತಿಳಿದ ಗಾಂಧಿಯವರು ಆ ಮನೆಯಲ್ಲೇ ಕೊಠಡಿ ಹಿಡಿದು ಏಳು ದಿನವಿದ್ದು, ನಕ್ಷೆಯನ್ನು ಕೈಯಲ್ಲಿ ಹಿಡಿದು ಬಹುಪಾಲು ನಡೆದೇ ನಗರವನ್ನು ನೋಡಿದರು. ಗೋಪುರವನ್ನು ಎರಡು ಮೂರು ಸಲ ಹತ್ತಿದರು. ಅದರ ಮೊದಲ ಅಂತಸ್ತಿನಲ್ಲಿದ್ದ ಉಪಾಹಾರಗೃಹದಲ್ಲಿ, ಅಷ್ಟು ಎತ್ತರದಲ್ಲಿ ಉಂಡೆನೆಂದು ಹೇಳಿಕೊಳ್ಳುವ ಆಸೆಗೆ, ಏಳು ಶಿಲಿಂಗುಗಳನ್ನು ತೆತ್ತರು! ಮುಂದೆ ಅವರ ಒಂದು ದಿನದ ಊಟದ ವೆಚ್ಚ ಒಂದು ಶಿಲಿಂಗು ಮೂರು ಪೆನ್ಸಿಗೆ ಇಳಿಯಿತೆಂಬುದನ್ನು ಸ್ಮರಿಸಿದರೆ, ಅದು ಐದು ದಿನಗಳಿಗೂ ಮೀರಿದ ಅನ್ನ. ಈ ಚಾಪಲ್ಯಕ್ಕೆ ನಮ್ಮ ಪ್ರವಾಸಿಗರಲ್ಲಿ ಇಂದಿಗೂ ಬರವಿಲ್ಲ. ಆದರೆ ಗೋಪುರದಲ್ಲಿ ಅವರಿಗೆ ಸೌಂದರ್ಯ ಕಾಣಲಿಲ್ಲ. ಅವರ ಮನಸ್ಸನ್ನು ಸೆಳೆದವು ನೋತ್ರದಾಮ್ ಮೊದಲಾದ ಪುರಾತನ ದೇವಾಲಯಗಳ ಶಿಲ್ಪ ಮತ್ತು ಶಾಂತಿ. ಕನ್ಯಾಮಾತೆಯ ಮೂರ್ತಿಯ ಮುಂದೆ ಮಂಡಿಯೂರಿದ ಜನರು ಕೇವಲ ಕಲ್ಲನ್ನು ಪೂಜಿಸುತ್ತಿಲ್ಲವೆಂದು ಅವರಿಗನ್ನಿಸಿತು.

ಇದಕ್ಕಿಂತ ಗಹನವಾದ ಪ್ರಸಂಗ ಸಮುದ್ರತೀರದ ಬ್ರೈಟನ್ ಊರಿನಲ್ಲಿ ಆರಂಭವಾಯಿತು. ಅಲ್ಲಿಯ ಹೋಟೆಲಿನಲ್ಲಿ ಫ್ರೆಂಚ್ ಭಾಷೆಯ ಭೋಜನಪಟ್ಟಿ ಅರ್ಥವಾಗದೆ ಸುಮ್ಮನೆ ಕುಳಿತಿದ್ದ ತರುಣನಿಗೆ ವೃದ್ಧ ವಿಧವೆಯೊಬ್ಬರು ಅದನ್ನು ವಿವರಿಸಿ, ಮಾಂಸವಿಲ್ಲದ ತಿನಿಸುಗಳನ್ನು ತೋರಿಸಿಕೊಟ್ಟರು. ಲಂಡನ್ನಿನಲ್ಲಿ ಪ್ರತಿ ಭಾನುವಾರ ಮನೆಗೆ ಊಟಕ್ಕೆ ಕರೆದರು. ತರುಣಿಯರ ಪರಿಚಯ ಮಾಡಿಸಿ, ಸಂಕೋಚ ಕಳೆಯಲೆಂದು ಮಾತಿಗೆ ಕೂರಿಸಿದರು. ಒಬ್ಬಳೊಡನೆ ಸ್ನೇಹ ಬೆಳೆಯುವ ಸೂಚನೆಯೂ ಇತ್ತು. ಅಲ್ಲಿ ವಿವಾಹಿತರಾದ ಭಾರತೀಯ ವಿದ್ಯಾರ್ಥಿಗಳು ಬ್ರಹ್ಮಚಾರಿಗಳೆಂದು ಹೇಳಿಕೊಳ್ಳುವುದು ಅಂದಿನ ರೂಢಿ. ಗಾಂಧಿಯವರೂ ಅದಕ್ಕೆ ಹೊರತಾಗಿರಲಿಲ್ಲ. ಕಡೆಗೆ, ತಾನು ಬಾಲ್ಯದಲ್ಲೇ ಮದುವೆಯಾದವನು, ಒಂದು ಮಗುವಿನ ತಂದೆ ಎಂದು ವೃದ್ಧೆಗೆ ಪತ್ರ ಬರೆದರು. ಹಲವು ಬಾರಿ ತಿದ್ದಿ ಬರೆದ ಪತ್ರವದು. ಮನೆಯ ಬಾಗಿಲು ಮುಚ್ಚುವುದೆಂದು ಅಂಜಿದ್ದರು. ಮುಚ್ಚಲಿಲ್ಲ, ಭಾನುವಾರದ ಕರೆ ಮೊದಲಿನಂತೆಯೇ ಬಂದಿತು.

ವೈಟ್ ದ್ವೀಪದ ವೆಂಟ್ನರ್‌ನಲ್ಲಿ ನಡೆದದ್ದು ನಗೆಯ ಸಂಗತಿ. ಮನೆಯೊಡತಿಯ ಮಗಳು ಗುಡ್ಡ ತೋರಿಸಲು ಕರೆದೊಯ್ದಳು. ನಡಿಗೆಯಲ್ಲಿ ಹಿಂದೆ ಬೀಳದ ಗಾಂಧಿಯವರನ್ನು ಎಳೆದುಕೊಂಡಂತೆ ಮೇಲೇರಿಸಿ, ಎತ್ತರದ ಹಿಮ್ಮಡಿಯ ಪಾದರಕ್ಷೆಯಲ್ಲೇ ಬಾಣದಂತೆ ಇಳಿದುಹೋದಳು. ಇವರು ಅಲ್ಲಲ್ಲಿ ಕುಳಿತು, ತೆವಳಿ, ಬುಡಕ್ಕೆ ಬಂದಾಗ ಅವಳು ನಗುತ್ತ ನಿಂತಿದ್ದಳು. ಅದೇ ಊರಿನಲ್ಲಿ ಸಸ್ಯಾಹಾರಿಗಳ ಸಭೆಗೆಂದು ಬರೆದು ತಂದ ಸಣ್ಣ ಭಾಷಣವನ್ನು ಓದಲು ಎದ್ದರೆ ಕಣ್ಣು ಕತ್ತಲಿಟ್ಟಿತು, ಕೈ ನಡುಗಿತು, ಜತೆಯವರು ಓದಬೇಕಾಯಿತು. ಮುಂದೆ ಲಕ್ಷಾಂತರ ಜನರು ಕಾದು ಕೇಳಿದ ಕಂಠವಿದು.

1891ರ ಜೂನ್ 10ರಂದು ಬ್ಯಾರಿಸ್ಟರ್ ಪದವಿ ದೊರೆಯಿತು. 12ರಂದು ಹಡಗು ಹತ್ತಿದರು. ತಾಯಿಯನ್ನು ಕಾಣುವ ಹಂಬಲ ಅವರನ್ನು ಬಾಧಿಸುತ್ತಿತ್ತು. ಮುಂಬಯಿಯಲ್ಲಿ ಎದುರುಗೊಳ್ಳಲು ಅಣ್ಣ ಬಂದಿದ್ದರು. ಪುತಳೀಬಾಯಿಯವರು ಮಗನು ವಿಲಾಯತಿಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಪರದೇಶದಲ್ಲಿ ಆ ಆಘಾತ ಬೇಡವೆಂದು ಅಣ್ಣ ಸುದ್ದಿಯನ್ನು ಅದುವರೆಗೂ ಮರೆಸಿಟ್ಟಿದ್ದರು.