ವೀಣೆ ಶೇಷಣ್ಣ

ವೀಣೆ ಶೇಷಣ್ಣ (1852 – 1926) ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದ ಪ್ರಸಿದ್ಧ ವೈಣಿಕರು ಮತ್ತು ವಾಗ್ಗೇಯಕಾರರು. ವೀಣಾವಾದನದ ಮೈಸೂರು ಬಾನಿಗೆ ಖ್ಯಾತಿ ತಂದುಕೊಟ್ಟವರಲ್ಲಿ ಇವರ ಹೆಸರು ಮೊದಲು ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಇವರಿಗೆ 'ವೈಣಿಕ ಶಿಖಾಮಣಿ' ಎಂಬ ಬಿರುದನ್ನಿತ್ತು ಗೌರವಿಸಿದರು. ತಮ್ಮ ಕಾಲದ ವೈಣಿಕರಲ್ಲಿ ಅಗ್ರಗಣ್ಯರು ಯಾರು ಎಂಬ ರಸಿಕರ ದೀರ್ಘಕಾಲದ ಚರ್ಚೆಯಲ್ಲಿ ಇವರ ಹೆಸರು ಸಮಕಾಲೀನರಾದ ವೀಣೆ ಸುಬ್ಬಣ್ಣನವರ ಹೆಸರಿನೊಡನೆ ಸದಾ ಕೂಡಿಬರುತ್ತದೆ.

ಜನನ ಮತ್ತು ಮನೆತನ

ಶೇಷಣ್ಣನವರು ಮೈಸೂರಿನಲ್ಲಿ ಜನಿಸಿದರು. ತಂದೆ ಬಕ್ಷಿ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಾಗಿದ್ದರು. 'ವಿರಿಬೋಣಿ' ಎಂಬ ಭೈರವಿ ರಾಗದ ವರ್ಣದಿಂದ ಇಂದಿಗೂ ಮನೆಮಾತಾಗಿರುವ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಪರಂಪರೆಗೆ ಈ ಮನೆತನ ಸೇರಿದುದೆಂದು ಹೇಳಲಾಗುತ್ತದೆ. 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿದ ಬಳಿಕವೂ ಮುಮ್ಮಡಿಯವರು ಅರಮನೆಯಲ್ಲಿ ಸಂಗೀತ ಸಾಹಿತ್ಯಗಳಿಗೆ ಆಶ್ರಯ ನೀಡುವುದನ್ನು ಬಿಟ್ಟಿರಲಿಲ್ಲ. ಅಧಿಕಾರವಿಲ್ಲದ ದೊರೆಯ ಆ ಆಸ್ಥಾನವೇ ಬಾಲಕ ಶೇಷಣ್ಣನ ಮೊದಲ ಪಾಠಶಾಲೆಯಾಯಿತು ಎನ್ನಬಹುದು.

ಇವರ ಬಾಲ್ಯದ ಕುರಿತು ಒಂದು ಪ್ರಸಂಗ ಪ್ರಚಲಿತವಾಗಿದೆ. ಶಿವರಾತ್ರಿಯಂದು ಅರಮನೆಯಲ್ಲಿ ನಡೆದ ಸಂಗೀತಗೋಷ್ಠಿಯಲ್ಲಿ ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ಕ್ಲಿಷ್ಟವಾದ ಪಲ್ಲವಿಯೊಂದನ್ನು ಹಾಡಿ, ಅದನ್ನು ಮತ್ತೆ ನಿರೂಪಿಸುವಂತೆ ಆಸ್ಥಾನದ ವಿದ್ವಾಂಸರಿಗೆ ಸವಾಲೊಡ್ಡಿದರು. ಹಿರಿಯರು ಹಿಂಜರಿದಾಗ ಸುಮಾರು ಹತ್ತು ವರ್ಷದ ಶೇಷಣ್ಣನು ಆ ಪಲ್ಲವಿಯನ್ನು ಯಥಾವತ್ತಾಗಿ ಒಪ್ಪಿಸಿದನು. ಸಂತುಷ್ಟರಾದ ಮಹಾರಾಜರು ಮುತ್ತಿನ ಹಾರವನ್ನೂ ಜೋಡಿ ಶಾಲನ್ನೂ ಕೊಟ್ಟು ಹುಡುಗನನ್ನು ಸನ್ಮಾನಿಸಿದರೆಂದು ಹೇಳುತ್ತಾರೆ. ಇಂತಹ ಕಥೆಗಳಿಗೆ ಹೇಳಿದವರ ಅಭಿಮಾನವೂ ಸ್ವಲ್ಪ ಬಣ್ಣ ಹಚ್ಚಿರುವುದು ಸಹಜ. ಆದರೆ ಆಸ್ಥಾನದ ಮಾನವು ಒಂದು ಪಲ್ಲವಿಯ ಮೇಲೆ ನಿಲ್ಲುತ್ತಿದ್ದ ಕಾಲವದು ಎಂಬುದನ್ನು ಈ ಪ್ರಸಂಗ ಚೆನ್ನಾಗಿ ತಿಳಿಸುತ್ತದೆ.

ಶಿಕ್ಷಣ

ತಂದೆಯವರ ನಂತರ ಶೇಷಣ್ಣನವರು ದೊಡ್ಡ ಶೇಷಣ್ಣನವರಲ್ಲಿ ವೀಣೆಯನ್ನೂ, ಮೈಸೂರು ಸದಾಶಿವರಾಯರಲ್ಲಿ ಗಾಯನವನ್ನೂ ಅಭ್ಯಾಸ ಮಾಡಿದರು. ಸದಾಶಿವರಾಯರು ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಹೀಗಾಗಿ ಶೇಷಣ್ಣನವರ ಬೆರಳುಗಳಿಗೆ ಮೈಸೂರಿನ ವೀಣೆಯ ಸಂಸ್ಕಾರವಿದ್ದರೆ, ಅವರ ಮನಸ್ಸಿಗೆ ತ್ಯಾಗರಾಜ ಪರಂಪರೆಯ ಗಾಯನದ ಸಂಸ್ಕಾರವಿತ್ತು. ಹಾಡುವುದನ್ನು ಬಲ್ಲ ವೈಣಿಕನ ಕೈಯಲ್ಲಿ ಕೃತಿಯ ಸಾಹಿತ್ಯವೂ ಕೇಳಿಸುತ್ತದೆ ಎಂಬ ಮಾತು ಸಂಗೀತಗಾರರಲ್ಲಿದೆ. ಶೇಷಣ್ಣನವರ ವಾದನಕ್ಕೆ ಇದು ಸಲ್ಲುವ ಮಾತು.

ವೀಣೆಯಲ್ಲದೆ ಸ್ವರಬತ್, ಜಲತರಂಗ, ಪಿಟೀಲು ಮುಂತಾದ ವಾದ್ಯಗಳಲ್ಲಿಯೂ ಇವರಿಗೆ ಪರಿಶ್ರಮವಿತ್ತು. ಪಿಯಾನೊ ವಾದ್ಯವನ್ನೂ ಇವರು ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳಿಗೂ ಹಿಂದುಸ್ತಾನಿ ಗಾಯಕರಿಗೂ ಸಮಾನವಾದ ಸ್ವಾಗತವಿದ್ದುದು ಇದಕ್ಕೆ ಕಾರಣ.

ಆಸ್ಥಾನ ಜೀವನ

1881ರಲ್ಲಿ ಸಂಸ್ಥಾನದ ಆಡಳಿತವು ಮರಳಿ ಒಡೆಯರ ಕೈಸೇರಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಅಧಿಕಾರ ವಹಿಸಿಕೊಂಡರು. ಸ್ವತಃ ಪಿಟೀಲು ನುಡಿಸುತ್ತಿದ್ದ ಈ ಮಹಾರಾಜರ ಕಾಲದಲ್ಲಿ ಶೇಷಣ್ಣನವರು ಆಸ್ಥಾನ ವಿದ್ವಾಂಸರಾದರು. 1894ರಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣ ಹೊಂದಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಅದೇ ಆಶ್ರಯವನ್ನು ಮುಂದುವರಿಸಿ ಇನ್ನಷ್ಟು ವಿಸ್ತರಿಸಿದರು.

ಶೇಷಣ್ಣನವರ ಕೀರ್ತಿ ಮೈಸೂರಿಗೆ ಸೀಮಿತವಾಗಿರಲಿಲ್ಲ. ದಕ್ಷಿಣದ ಹಲವು ಸಂಸ್ಥಾನಗಳಲ್ಲಿಯೂ ಉತ್ತರದ ಬರೋಡೆಯಲ್ಲಿಯೂ ಇವರ ಕಛೇರಿಗಳು ನಡೆದವು. ಬರೋಡೆಯ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು ಇವರ ವಾದನಕ್ಕೆ ಮೆಚ್ಚಿ ಪಲ್ಲಕ್ಕಿಯೊಂದನ್ನು ಬಹುಮಾನವಾಗಿತ್ತರು. ಊರಿಗೆ ಮರಳಿದ ಮೇಲೆ ಆ ಪಲ್ಲಕ್ಕಿಯಲ್ಲಿ ಕುಳಿತು ಅರಮನೆಗೆ ಬರಬೇಕೆಂದು ಮೈಸೂರಿನ ಮಹಾರಾಜರು ಅಪೇಕ್ಷಿಸಿದಾಗ, ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿರಿಸಿ ತಾವು ಅದರ ಪಕ್ಕದಲ್ಲಿ ನಡೆದು ಬಂದರು ಎಂಬ ಪ್ರತೀತಿಯಿದೆ. ಗೌರವವು ವಾದ್ಯಕ್ಕೆ ಸಂದುದೇ ಹೊರತು ವಾದಕನಿಗಲ್ಲ ಎಂಬುದು ಇವರ ಭಾವನೆಯಾಗಿತ್ತೆಂದು ಈ ಪ್ರಸಂಗವನ್ನು ಹೇಳುವವರು ವಿವರಿಸುತ್ತಾರೆ.

ಮೈಸೂರಿನ ಇವರ ಮನೆಯಲ್ಲಿ ರಾಮೋತ್ಸವ ಮತ್ತು ಕೃಷ್ಣಜಯಂತಿಯ ಉತ್ಸವಗಳು ವರ್ಷಂಪ್ರತಿ ಸಂಗೀತದೊಡನೆ ನಡೆಯುತ್ತಿದ್ದವು. ಮೈಸೂರಿಗೆ ಬಂದ ವಿದ್ವಾಂಸರು ಈ ಮನೆಯಲ್ಲಿ ಹಾಡುವುದನ್ನೂ ನುಡಿಸುವುದನ್ನೂ ಅರಮನೆಯ ಕಛೇರಿಯಷ್ಟೇ ಮುಖ್ಯವೆಂದು ಎಣಿಸುತ್ತಿದ್ದರು. ಅರಮನೆಗೆ ಪ್ರವೇಶವಿಲ್ಲದ ಸಾಮಾನ್ಯ ರಸಿಕನಿಗೆ ದೊಡ್ಡ ವಿದ್ವಾಂಸರನ್ನು ಕೇಳುವ ಅವಕಾಶ ದೊರೆಯುತ್ತಿದ್ದುದು ಇಂತಹ ಉತ್ಸವಗಳಲ್ಲಿಯೇ.

ಶೇಷಣ್ಣ – ಸುಬ್ಬಣ್ಣ

ವೀಣೆ ಸುಬ್ಬಣ್ಣನವರು ಶೇಷಣ್ಣನವರ ಸಮಕಾಲೀನರು. ಅವರೂ ಆಸ್ಥಾನ ವಿದ್ವಾಂಸರು. ಸುಬ್ಬಣ್ಣನವರು ಚಾಮರಾಜೇಂದ್ರ ಒಡೆಯರೊಡನೆ ಅರಮನೆಯ ಶಾಲೆಯಲ್ಲಿ ಓದಿದವರು, ಅನುಕೂಲಸ್ಥರು. ಇಬ್ಬರೂ ಒಂದೇ ವೇದಿಕೆಯಲ್ಲಿ ಜೊತೆಯಾಗಿ ವೀಣೆ ನುಡಿಸುತ್ತಿದ್ದುದರಿಂದ ಹೋಲಿಕೆ ಅನಿವಾರ್ಯವಾಯಿತು. ರಸಿಕರಲ್ಲಿ ಎರಡು ಪಕ್ಷಗಳಾದವು. ಅಂದಿನ ಮೈಸೂರಿನ ಸಂಗೀತಾಸಕ್ತರಿಗೆ ಇದು ಮುಗಿಯದ ವಾದದ ವಿಷಯವಾಗಿತ್ತು. ಇಬ್ಬರನ್ನೂ ಹತ್ತಿರದಿಂದ ಬಲ್ಲ ಮೈಸೂರು ವಾಸುದೇವಾಚಾರ್ಯರು ತಮ್ಮ 'ನಾ ಕಂಡ ಕಲಾವಿದರು' ಗ್ರಂಥದಲ್ಲಿ ಇವರ ಚಿತ್ರಣವನ್ನು ನೀಡಿದ್ದಾರೆ.

ವಾದದ ಕೇಂದ್ರದಲ್ಲಿದ್ದುದು ಮುಖ್ಯವಾಗಿ ತಾನ. ರಾಗಾಲಾಪನೆಯ ನಂತರ, ಪಲ್ಲವಿಗೆ ಮುನ್ನ, ತಾಳದ ಕಟ್ಟಿಲ್ಲದೆಯೂ ಲಯದ ನಡೆಯುಳ್ಳ ಈ ಭಾಗವು ವೈಣಿಕನು ಒಬ್ಬಂಟಿಯಾಗಿ ತನ್ನ ಸಾಮರ್ಥ್ಯವನ್ನೆಲ್ಲ ತೆರೆದಿಡುವ ಸ್ಥಳ. ಬಲಗೈಯ ಬೆರಳುಗಳು ನಾಲ್ಕು ನುಡಿಸುವ ತಂತಿಗಳನ್ನು ಮೀಟುತ್ತಿರುವಾಗ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಮಿಡಿದು ಲಯವನ್ನು ಕಾಯುತ್ತದೆ. ಎಡಗೈಯು 24 ಮೆಟ್ಟಿಲುಗಳ ಮೇಲೆ ಸ್ವರಗಳನ್ನು ಹಿಡಿಯುತ್ತದೆ. ಗಾಯಕರು ಹಾಡುವ ತಾನವೂ ವೀಣೆಯ ಮೀಟನ್ನೇ ಅನುಸರಿಸುವಂಥದು. ಆದ್ದರಿಂದ ಬೇರೆಲ್ಲ ಕಡೆ ಗಾಯಕನನ್ನು ಹಿಂಬಾಲಿಸುವ ವಾದ್ಯವು ಇಲ್ಲಿ ಮುಂದೆ ನಡೆಯುತ್ತದೆ. ಶೇಷಣ್ಣನವರ ತಾನವನ್ನು ಕೇಳಿದ ಪೀಳಿಗೆಯು ಅದನ್ನು ಕೊನೆಯವರೆಗೂ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಚರ್ಚೆಯು ಮೈಸೂರಿನ ಗಡಿಯನ್ನೂ ದಾಟಿತ್ತು. ಮದರಾಸಿನಲ್ಲಿ ತಮ್ಮ ಮನೆಯ ಶುಕ್ರವಾರದ ಕಛೇರಿಗಳಿಂದ ಪ್ರಸಿದ್ಧರಾಗಿದ್ದ ವೀಣೆ ಧನಮ್ಮಾಳ್ ಅವರ ಮೆಲುದನಿಯ, ಸಂಯಮದ ವಾದನವನ್ನು ಮೆಚ್ಚುವವರಿದ್ದರು. ಕಾರೈಕುಡಿ ಸಹೋದರರ ಗಾಂಭೀರ್ಯವನ್ನೂ ತಾನವನ್ನೂ ಹೊಗಳುವವರಿದ್ದರು. ಮೈಸೂರು ಬಾನಿಯ ಅಭಿಮಾನಿಗಳು ಸ್ವರಗಳ ಸ್ಪಷ್ಟತೆ, ಮೀಟಿನ ಶುದ್ಧಿ ಮತ್ತು ಗಮಕದ ಮಿತಬಳಕೆಗಳನ್ನು ಮುಂದಿಡುತ್ತಿದ್ದರು. ತಂತಿಯನ್ನು ಹೆಚ್ಚು ಎಳೆದು ಗಾಯನವನ್ನು ಅನುಕರಿಸುವುದೇ ವೀಣೆಯ ಧರ್ಮವೆಂದು ತಿಳಿದವರಿಗೆ ಈ ಬಾನಿಯು ಸ್ವಲ್ಪ ಶುಷ್ಕವಾಗಿ ತೋರಿದ್ದೂ ಉಂಟು. ಇದು ವ್ಯಕ್ತಿಗಳ ನಡುವಿನ ಹೋಲಿಕೆಯಂತೆ ಕಂಡರೂ, ವಾದ್ಯವು ಕಂಠವನ್ನು ಅನುಕರಿಸಬೇಕೆ ಅಥವಾ ತನ್ನದೇ ನಾದದಿಂದ ಮಾತನಾಡಬೇಕೆ ಎಂಬ ಪ್ರಶ್ನೆಯೇ ಇದರ ಮೂಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಿಟಾರ್ ಪ್ರಿಯರು ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್ ಮೊದಲಾದವರಲ್ಲಿ ಯಾರು ಹೆಚ್ಚಿನವರು, ಯಾವ ಹಾಡಿನ ಸೋಲೊ ಶ್ರೇಷ್ಠ ಎಂದು ನಡೆಸಿದ ವಾದಕ್ಕೆ ಇದು ದೂರದ ಸಂಬಂಧಿ. ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವ ತಂತ್ರವೂ ಎರಡು ವಾದ್ಯಗಳಿಗೆ ಸಮಾನವಾಗಿದೆ. ವ್ಯತ್ಯಾಸವೆಂದರೆ ಗಿಟಾರ್ ವಾದಕರ ಪಕ್ಷಪಾತಿಗಳು ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ವಾದಿಸಬಲ್ಲರು. ಶೇಷಣ್ಣ ಮತ್ತು ಸುಬ್ಬಣ್ಣನವರ ವಿಷಯದಲ್ಲಿ ಬಹುಮಟ್ಟಿಗೆ ಕೇಳಿದವರ ನೆನಪು ಹಾಗೂ ಶಿಷ್ಯರ ಬೆರಳುಗಳೇ ಸಾಕ್ಷಿ.

ರಚನೆಗಳು

ಶೇಷಣ್ಣನವರು ಸ್ವರಜತಿ, ವರ್ಣ, ಕೃತಿ, ತಿಲ್ಲಾನ ಮುಂತಾದ ಪ್ರಕಾರಗಳಲ್ಲಿ ಐವತ್ತಕ್ಕೂ ಹೆಚ್ಚು ರಚನೆಗಳನ್ನು ಮಾಡಿದ್ದಾರೆ. ಇವರ ಅಂಕಿತ 'ಶೇಷ'. ಝಂಝೂಟಿ ರಾಗದ ತಿಲ್ಲಾನವು ಇವುಗಳಲ್ಲಿ ಹೆಚ್ಚು ಜನಪ್ರಿಯವಾದುದು. ದರ್ಬಾರಿ ಕಾನಡದಂತಹ ಹಿಂದುಸ್ತಾನಿ ಮೂಲದ ರಾಗಗಳನ್ನು ಇವರು ಹಿಂಜರಿಕೆಯಿಲ್ಲದೆ ಬಳಸಿಕೊಂಡರು. ಇವರ ರಚನೆಗಳನ್ನು ವೀಣೆಯ ಮೇಲೆ ಕೇಳಿದಾಗ ದೊರೆಯುವ ಸೊಗಸು ಹಾಡಿದಾಗ ಪೂರ್ಣವಾಗಿ ದೊರೆಯುವುದಿಲ್ಲ. ಅವು ಬೆರಳಿನಿಂದ ಹುಟ್ಟಿದ ರಚನೆಗಳು.

ಕೊನೆಯ ದಿನಗಳು

1924ರ ಡಿಸೆಂಬರ್ ತಿಂಗಳಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ಸಂದರ್ಭದಲ್ಲಿ ಶೇಷಣ್ಣನವರು ಗಾಂಧೀಜಿ ಹಾಗೂ ಇತರ ನಾಯಕರ ಎದುರಿನಲ್ಲಿ ವೀಣೆ ನುಡಿಸಿದರು. ಆಗ ಇವರ ವಯಸ್ಸು ಎಪ್ಪತ್ತು ದಾಟಿತ್ತು. ಮುಮ್ಮಡಿಯವರ ಅರಮನೆಯಲ್ಲಿ ಆರಂಭವಾದ ವಾದನ ರಾಷ್ಟ್ರೀಯ ಚಳವಳಿಯ ಚಪ್ಪರದವರೆಗೆ ಬಂದಿತ್ತು. 1926ರಲ್ಲಿ ಶೇಷಣ್ಣನವರು ನಿಧನರಾದರು. ಸುಬ್ಬಣ್ಣನವರು ಆ ಬಳಿಕವೂ ಹಲವು ವರ್ಷ ಬದುಕಿದ್ದರು.

ಶಿಷ್ಯ ಪರಂಪರೆ

ವೀಣೆ ವೆಂಕಟಗಿರಿಯಪ್ಪ, ಭೈರವಿ ಲಕ್ಷ್ಮೀನಾರಣಪ್ಪ, ಶರ್ಮಾದೇವಿ ಸುಬ್ರಹ್ಮಣ್ಯ ಶಾಸ್ತ್ರಿ ಮೊದಲಾದವರು ಶೇಷಣ್ಣನವರ ಶಿಷ್ಯರು. ಮೊಮ್ಮಗ ಸ್ವರಮೂರ್ತಿ ವಿ. ಎನ್. ರಾವ್ ಅವರು ಇವರ ರಚನೆಗಳ ಪ್ರಚಾರಕ್ಕೆ ಶ್ರಮಿಸಿದರು. ನಗ್ಮಾಗಳ ರಚನೆಯಿಂದ ಹೆಸರಾದ ವೆಂಕಟಗಿರಿಯಪ್ಪನವರಲ್ಲಿ ಕಲಿತ ವಿ. ದೊರೆಸ್ವಾಮಿ ಅಯ್ಯಂಗಾರ್ (1920 – 1997) ಅವರು ಬೆಂಗಳೂರಿನ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿ, ಬಾನುಲಿ ಮತ್ತು ಧ್ವನಿಮುದ್ರಿಕೆಗಳ ಮೂಲಕ ಮೈಸೂರು ಬಾನಿಯನ್ನು ದೇಶಕ್ಕೆಲ್ಲ ಪರಿಚಯಿಸಿದರು. ಶೇಷಣ್ಣನವರ ತಾನ ಹೇಗಿದ್ದಿರಬೇಕೆಂದು ಊಹಿಸಬಯಸುವವರು ಇಂದು ಸಾಮಾನ್ಯವಾಗಿ ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣಗಳ ಮೊರೆಹೋಗುತ್ತಾರೆ.