ನದಿಯ ತಳ ಏರಿದೆಯೇ? ಲೆಕ್ಕ ಹಾಕಿ ಉತ್ತರ ಕೊಟ್ಟ ಮಹಲನೋಬಿಸ್

1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿ ಹರಿಯಿತು. ನದಿಯ ತಳ ಏರಿದೆ, ದಂಡೆ ಎತ್ತರಿಸಬೇಕು ಎಂದರು ಎಂಜಿನಿಯರ್‌ಗಳು. ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನ ಭೌತವಿಜ್ಞಾನ ಪ್ರಾಧ್ಯಾಪಕ ಪ್ರಶಾಂತ ಚಂದ್ರ ಮಹಲನೋಬಿಸ್ ಸುಮಾರು 60 ವರ್ಷಗಳ ದಾಖಲೆ ಹರಡಿಕೊಂಡು ಕೂತರು. ತಳ ಏರಿರಲೇ ಇಲ್ಲ! ದಂಡೆಯಿಂದ ಪ್ರಯೋಜನವಿಲ್ಲ, ಮೇಲ್ಭಾಗದಲ್ಲಿ ಅಣೆಕಟ್ಟು ಬೇಕು ಎಂಬುದು ಅವರ ಸಲಹೆಯಾಗಿತ್ತು.

ಕಂಡ ವ್ಯತ್ಯಾಸ ನಿಜವೋ, ಆಕಸ್ಮಿಕವೋ? ಈ ಪ್ರಶ್ನೆಯ ಬೆನ್ನು ಹತ್ತಿದ ಅವರು 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಶೇ 5ರ ಗೆರೆಯನ್ನು ರೂಢಿಗೆ ತಂದ ಇಂಗ್ಲೆಂಡಿನ ಆರ್.ಎ. ಫಿಷರ್ 1938ರಲ್ಲಿ ಕೋಲ್ಕತ್ತಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಆ ಗೆರೆಯ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ಅಳತೆಯೇ ತಪ್ಪಿದ್ದರೆ ಯಾವ ಗೆರೆಯೂ ಕಾಯದು. ಅದಕ್ಕೇ ಬಂಗಾಳದ ಸೆಣಬು ಸಮೀಕ್ಷೆಗೆ ಮಹಲನೋಬಿಸ್ ಪ್ರತ್ಯೇಕ ತಂಡಗಳನ್ನು ಕಳಿಸಿ, ಲೆಕ್ಕ ತಾಳೆ ನೋಡುತ್ತಿದ್ದರು.

79ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಬಾಕಿಯಿದ್ದಾಗ, 1972ರ ಜೂನ್ 28ರಂದು ತೀರಿಕೊಂಡರು.