ವೈಸ್ ಅಡ್ಮಿರಲ್ ರಾಮದಾಸ್ ಕಟಾರಿ

ಸ್ವತಂತ್ರ ಭಾರತದ ಭೂಸೇನೆಯ ನಾಯಕತ್ವವನ್ನು 1949ರಲ್ಲಿ ಕೊಡಗಿನ ಕೆ. ಎಂ. ಕಾರ್ಯಪ್ಪನವರೂ ವಾಯುಸೇನೆಯ ನಾಯಕತ್ವವನ್ನು 1954ರಲ್ಲಿ ಸುಬ್ರತೋ ಮುಖರ್ಜಿಯವರೂ ವಹಿಸಿಕೊಂಡರು. ನೌಕಾಪಡೆ ಮಾತ್ರ 1958ರ ಏಪ್ರಿಲ್ 22ರವರೆಗೆ ಕಾಯಬೇಕಾಯಿತು. ನೌಕಾಸಮೂಹವೊಂದನ್ನು ನಡೆಸುವ ಸಾಮರ್ಥ್ಯ ದೀರ್ಘಕಾಲದ ಅನುಭವದಿಂದ ಮಾತ್ರ ಬರತಕ್ಕದ್ದು. ಬ್ರಿಟಿಷರ ಆಡಳಿತದಲ್ಲಿ ಆ ಅನುಭವಕ್ಕೆ ಅವಕಾಶ ದೊರೆತ ಭಾರತೀಯರು ವಿರಳ. ಅಂದು ಸರ್ ಸ್ಟೀಫನ್ ಕಾರ್ಲಿಲ್ ಅವರಿಂದ ಅಧಿಕಾರ ಸ್ವೀಕರಿಸಿದ ರಾಮದಾಸ್ ಕಟಾರಿಯವರು ನಮ್ಮ ನೌಕಾಪಡೆಯ ಪ್ರಥಮ ಭಾರತೀಯ ಮುಖ್ಯಸ್ಥರು.

1911ರ ಅಕ್ಟೋಬರ್ 8ರಂದು ಮದರಾಸು ಪ್ರಾಂತದ ಚೆಂಗಲ್ಪಟ್ಟಿನಲ್ಲಿ ಜನಿಸಿದ ಕಟಾರಿಯವರು, ಭಾರತೀಯ ತರುಣರನ್ನು ವಾಣಿಜ್ಯ ನೌಕೆಗಳ ಅಧಿಕಾರಿಗಳನ್ನಾಗಿ ಸಿದ್ಧಗೊಳಿಸಲು 1927ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಡಫರಿನ್’ ತರಬೇತಿ ನೌಕೆಯ ಮೊದಲ ತಂಡವನ್ನು ಸೇರಿದರು. ಅನಂತರ ಕಲಕತ್ತೆಯ ಬಂದರು ಆಡಳಿತದ ಅಧೀನದಲ್ಲಿ ಹೂಗ್ಲಿ ನದಿಯ ಸರ್ವೇಕ್ಷಣ ಕಾರ್ಯದಲ್ಲಿ ತೊಡಗಿದರು. ಮರಳು ದಿಬ್ಬಗಳು ಸ್ಥಳ ಬದಲಿಸುತ್ತಲೇ ಇರುವ ಆ ನದಿ ನಾವಿಕನಿಗೆ ಕಠಿಣ ಪಾಠಶಾಲೆಯೇ ಸರಿ. 1939ರಲ್ಲಿ ಮಹಾಯುದ್ಧ ಆರಂಭವಾದಾಗ ಅವರು ನೌಕಾಪಡೆಯ ಸ್ವಯಂಸೇವಕ ಮೀಸಲು ದಳದ ಮೂಲಕ ಯುದ್ಧರಂಗಕ್ಕಿಳಿದರು. ಸ್ವಾತಂತ್ರ್ಯಾನಂತರ ‘ರಜಪೂತ್’ ವಿಧ್ವಂಸಕ ನೌಕೆಯ ನಾಯಕರಾದರು. 1956ರಲ್ಲಿ ಸಾಗರಗಾಮಿ ನೌಕಾಸಮೂಹದ ದಂಡನಾಯಕರಾದ ಮೊದಲ ಭಾರತೀಯರೆನಿಸಿದರು. ಪರಂಪರಾಗತ ರಾಜನೌಕಾಧಿಕಾರಿಗಳ ಮಾರ್ಗದಿಂದ ಬಾರದೆ, ಯುದ್ಧನೌಕೆಯ ಸೇವೆಗೆ ಸೇರಿ ಇಪ್ಪತ್ತು ವರ್ಷಗಳೂ ತುಂಬದ ಅವರಿಗೆ ನಲವತ್ತಾರನೆಯ ವಯಸ್ಸಿನಲ್ಲೇ ಇಡೀ ಪಡೆಯ ಹೊಣೆ ಒದಗಿತು.

ಅವರ ಅಧಿಕಾರಾವಧಿಯಲ್ಲಿ, 1961ರ ಮಾರ್ಚ್ 4ರಂದು, ಭಾರತದ ಮೊದಲ ವಿಮಾನವಾಹಕ ನೌಕೆ ‘ವಿಕ್ರಾಂತ್’ ಬೆಲ್‌ಫಾಸ್ಟಿನಲ್ಲಿ ಸೇವೆಗೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆಯಿತು. ನಮ್ಮ ಕಾರವಾರದ ತೀರದಿಂದ ಅನತಿದೂರದಲ್ಲಿರುವ ಅಂಜದೀವ ದ್ವೀಪದ ಮೇಲೆ, ಕನ್ನಡ ನಾಡಿನ ಹೆಸರು ಹೊತ್ತ ‘ಮೈಸೂರು’ ಹಾಗೂ ‘ತ್ರಿಶೂಲ್’ ನೌಕೆಗಳ ಬೆಂಬಲದೊಡನೆ ನಾವಿಕರು ಇಳಿದು ಪೋರ್ಚುಗೀಸರ ಗುಂಡಿಗೆ ಎದೆಯೊಡ್ಡಿದರು. ಆ ಕಾರ್ಯಾಚರಣೆಯಲ್ಲಿ ನೌಕಾಪಡೆಯ ಏಳು ಮಂದಿ ಪ್ರಾಣತೆತ್ತರು. ಕಟಾರಿಯವರ ನಾಯಕತ್ವ ಯುದ್ಧದ ಪರೀಕ್ಷೆಗೆ ಒಳಗಾದದ್ದು ಹೀಗೆ ನಮ್ಮ ಕರಾವಳಿಯ ಸಮೀಪದಲ್ಲಿಯೇ. 2005ರಲ್ಲಿ ಇದೇ ಕಾರವಾರದಲ್ಲಿ ‘ಕದಂಬ’ ನೌಕಾನೆಲೆ ಸ್ಥಾಪಿತವಾಯಿತು.

1962ರ ಜೂನ್‌ನಲ್ಲಿ ನಿವೃತ್ತರಾದ ಕಟಾರಿಯವರು ವಿಶ್ರಾಂತಿಯನ್ನು ಬಯಸಲಿಲ್ಲ. ಆಂಧ್ರಪ್ರದೇಶ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಅಧ್ಯಕ್ಷರಾಗಿ ದುಡಿದು, 1964ರಿಂದ 1969ರವರೆಗೆ ಬರ್ಮಾದಲ್ಲಿ ಭಾರತದ ರಾಯಭಾರಿಯಾಗಿದ್ದರು. ಅದು ಸುಲಭದ ಕಾಲವಾಗಿರಲಿಲ್ಲ. ಅಲ್ಲಿನ ಸೈನಿಕ ಸರ್ಕಾರ ವ್ಯಾಪಾರವನ್ನು ರಾಷ್ಟ್ರೀಕರಿಸಿದುದರಿಂದ, ತಲೆಮಾರುಗಳಿಂದ ನೆಲೆಸಿದ್ದ ಭಾರತೀಯರು ಬದುಕಿನ ಆಧಾರವನ್ನೇ ಕಳೆದುಕೊಂಡು ಸಾವಿರ ಸಾವಿರ ಸಂಖ್ಯೆಯಲ್ಲಿ ತಾಯ್ನಾಡಿಗೆ ಮರಳುತ್ತಿದ್ದರು. ಆದರೂ ಉಭಯ ದೇಶಗಳ ಸಂಬಂಧ ಮುರಿದುಬೀಳಲಿಲ್ಲ. 1967ರಲ್ಲಿ ಗಡಿ ಒಪ್ಪಂದ ಏರ್ಪಟ್ಟಿತು.

ಜೀವನದ ಸಂಧ್ಯಾಕಾಲದಲ್ಲಿ ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಗ್ರಂಥರೂಪಕ್ಕಿಳಿಸಿದ ಅವರು 1983ರ ಜನವರಿಯಲ್ಲಿ ಕಾಲವಶರಾದರು. ಪರರ ಕೈಯಲ್ಲಿದ್ದ ಚುಕ್ಕಾಣಿಯನ್ನು ಭಾರತೀಯರು ಹಿಡಿಯಬಲ್ಲರೇ ಎಂಬ ಸಂಶಯಕ್ಕೆ ವಾದದಿಂದಲ್ಲ, ನಾಲ್ಕು ವರ್ಷಗಳ ಕಾರ್ಯದಿಂದ ಉತ್ತರವಿತ್ತವರು ಕಟಾರಿಯವರು.